ನೀರು ಕಡಿಮೆಯಾದಾಗ ಮೇವಿನ ಬೆಳೆ
(ಹಿಂಜವಾಡಿಯ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ವಿಜಯಪುರ, ಕಲಬುರಗಿ ಕಡೆಯವರು. ಸಂಬಳ ಇಲ್ಲಿಯದಾದರೂ ದನಗಳು ಅಲ್ಲಿಯವು. ೨೦೧೮-೧೯ರ ಬರದಲ್ಲಿ ಈ ಮಹಾರಾಷ್ಟ್ರದಲ್ಲಿಯೂ ದನಗಳಿಗಾಗಿ ಮೇವಿನ ಛಾವಣಿಗಳನ್ನು ನಡೆಸಬೇಕಾಯಿತು. ಬೋರಿನ ನೀರು ಇಳಿದಿದೆ, ಮೇವಿಗೆ ಬಿಡೋಣವೋ ಬೇಡವೋ ಎಂದು ಊರಿನಿಂದ ಕೇಳಿದರೆ ಏನು ಹೇಳಬೇಕು? ನಾನು ಗಿರಣಿಯ ಗುಮಾಸ್ತ, ಕೃಷಿ ಪಂಡಿತನಲ್ಲ. ಓದಿ ತಿಳಿದುದನ್ನು ಅರಿಕೆ ಮಾಡಿಕೊಳ್ಳುವೆನು.

ಎಲೆಯ ಮೈಮೇಲೆ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ನೀರು ಆವಿಯಾಗಿ ಹೋಗುತ್ತದೆ, ಇಂಗಾಲಾಮ್ಲ ವಾಯು ಒಳಗೆ ಬರುತ್ತದೆ. ನೆಲ ಒಣಗಿದರೆ ಗಿಡ ಇವನ್ನು ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯಿತು, ಆದರೆ ಗಿಡದ ಅಡಿಗೆಯೂ ನಿಂತಿತು! ಅದಕ್ಕೂ ಮುಂಚೆಯೇ ಎಲೆ ಬೆಳೆಯುವುದು ಕುಂಠಿತವಾಗುತ್ತದೆ. ಮೇವಿಗೆ ಎಲೆ ದಂಟುಗಳೇ ಫಸಲು. ಆದುದರಿಂದ ಪೈರು ಬಾಡಿದ್ದು ಕಾಣುವ ಮೊದಲೇ ನಷ್ಟ ಆರಂಭವಾಗಿರುತ್ತದೆ.

ಎಲ್ಲ ಬೆಳೆಗಳ ಸ್ವಭಾವ ಒಂದೇ ಅಲ್ಲ. ಇಲ್ಲಿ ಮರಾಠಿಯವರು ಲಸೂಣ್ ಘಾಸ್ ಎನ್ನುವ ಕುದುರೆಮೆಂತೆಯ ಬೇರು ಆಳವಾದ ಮಣ್ಣಿನಲ್ಲಿ ಆರೇಳು ಅಡಿ ಇಳಿಯುತ್ತದೆ. ನೀರು ತಪ್ಪಿದರೆ ಇಳುವರಿ ಕಡಿಮೆಯಾಗುವುದು ನಿಜ. ಆದರೆ ದಂಟಿಗಿಂತ ಎಲೆಯ ಪಾಲು ಹೆಚ್ಚುವುದರಿಂದ ಸತ್ತ್ವ ಅಷ್ಟಾಗಿ ಕೆಡದು. ನೀರು ಸಿಕ್ಕರೆ ಬುಡದಿಂದ ಮತ್ತೆ ಚಿಗುರುವುದು. ಗೋವಿನಜೋಳ ಹಾಗಲ್ಲ. ಹೂ ಬಿಟ್ಟು ತೆನೆ ಕಟ್ಟುವ ಹೊತ್ತಿನಲ್ಲಿ ನೀರು ತಪ್ಪಿದರೆ ಆಮೇಲೆ ಎಷ್ಟು ಹಾಯಿಸಿದರೂ ತೆನೆ ತುಂಬದು. ಆ ಮೇವಿನ ಸತ್ತ್ವದಲ್ಲಿ ತೆನೆಯದು ದೊಡ್ಡ ಪಾಲು. ಒಂದೇ ಸರದಿಯ ನೀರಿದ್ದರೆ ಆ ಹೊತ್ತಿನಲ್ಲಿ ಗೋವಿನಜೋಳಕ್ಕೆ ಕೊಡಿರಿ, ಕುದುರೆಮೆಂತೆ ಕಾಯಬಲ್ಲದು ಎಂದೇ ನಾನು ಹೇಳುವೆನು.

ಇನ್ನು ನಮ್ಮ ಜೋಳ. ಎಲೆ ಸುರುಳಿ ಸುತ್ತಿಕೊಂಡು ಮಳೆಗಾಗಿ ಕಾಯುವುದರಲ್ಲಿ ಅದು ಗಟ್ಟಿಗ. ಆದರೆ ಎಳೆಯ ಜೋಳದಲ್ಲಿ ಧುರಿನ್ ಎಂಬ ಪದಾರ್ಥವಿದೆ. ದನ ಅಗಿದಾಗ ಅದರಿಂದ ಪ್ರುಸಿಕ್ ಆಮ್ಲವೆಂಬ ಕಡುವಿಷ ಹುಟ್ಟುತ್ತದೆ. ನೀರಿಲ್ಲದೆ ಕುಗ್ಗಿದ ಪೈರಿನಲ್ಲಿ ಇದು ಹೆಚ್ಚು. ಬರದ ಮೇಲೆ ಮಳೆ ಬಿದ್ದು ಚಿಗುರಿದ ಕೂಳೆಯಂತೂ ಬಹಳ ಅಪಾಯ. "ಬೆಳೆ ಹೇಗೂ ಹೋಯಿತು, ದನಗಳಾದರೂ ತಿನ್ನಲಿ" ಎಂದು ಹಗ್ಗ ಬಿಚ್ಚುವುದು ಸರಿಯಾಗಿ ಈ ಹೊತ್ತಿನಲ್ಲೇ. ಹಸಿದ ದನ ಗಬಗಬನೆ ತಿಂದು, ಏದುಸಿರು ಬಿಟ್ಟು, ಸ್ವಲ್ಪ ಹೊತ್ತಿನಲ್ಲೇ ನೆಲಕ್ಕುರುಳಬಹುದು. ಪಶುವೈದ್ಯರಲ್ಲಿ ಇದಕ್ಕೆ ಚುಚ್ಚುಮದ್ದುಂಟು. ಅವರು ಬರುವ ತನಕ ದನ ಉಳಿಯಬೇಕಷ್ಟೆ.

ಆದುದರಿಂದ ಊರಿಗೆ ತಿಳಿಸಿರಿ: ಮೊಣಕಾಲೆತ್ತರದ ಬಾಡಿದ ಜೋಳಕ್ಕೆ ದನ ಬಿಡಬಾರದು. ಹೂ ಬಿಟ್ಟ ಮೇಲೆ ಕೊಯ್ಯಬೇಕು, ಇಲ್ಲವೆ ಕೊಯ್ದು ಚೆನ್ನಾಗಿ ಒಣಗಿಸಬೇಕು. ಒಣಗಿದಂತೆ ಈ ವಿಷ ಬಹುಮಟ್ಟಿಗೆ ಇಳಿಯುತ್ತದೆ. ಸಜ್ಜೆಯಲ್ಲಿ ಪ್ರುಸಿಕ್ ಆಮ್ಲದ ಭಯವಿಲ್ಲ. ಆದರೆ ಬರದ ಪೈರು ಯಾವುದೇ ಇರಲಿ, ನೈಟ್ರೇಟ್ ಎಂಬ ಇನ್ನೊಂದು ದೋಷ ದಂಟಿನ ಬುಡದಲ್ಲಿ ಕೂಡಿಕೊಂಡಿರಬಹುದು. ಒಣಗಿಸಿದರೂ ಅದು ಹೋಗದು. ಬುಡ ಬಿಟ್ಟು ಮೇಲೆ ಕೊಯ್ಯುವುದು ಲೇಸು. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆಯ ಕೇಂದ್ರವೊಂದು ಧಾರವಾಡದಲ್ಲಿಯೂ ಇದೆ. ರಜೆಗೆ ಊರಿಗೆ ಹೋಗುವವರು ಅಲ್ಲಿ ಇಳಿದು ವಿಚಾರಿಸಬಹುದು.