ಆ ಮಗುವನ್ನೂ ತೋಳಲ್ಲಿ ಎತ್ತಿಕೊಳ್ಳೋಣ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ವೃದ್ಧ ಸಿಮೆಯೋನ ಬಾಲಯೇಸುವನ್ನು ತೋಳಲ್ಲಿ ಎತ್ತಿಕೊಂಡು ದೇವರನ್ನು ಸ್ತುತಿಸಿದುದನ್ನು ಇಂದಿನ ಶುಭಸಂದೇಶದಲ್ಲಿ ಕೇಳಿದೆವು. ನಮ್ಮ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಮನೆಗಳಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ ನಾವು ಮಾಡುವುದೇನು? 'ಗ್ರಹಣದ ದೋಷ', 'ತಾಯಿಯ ತಪ್ಪು' ಎಂದು ಪಿಸುಗುಟ್ಟುತ್ತೇವೆ. ಅದು ಸುಳ್ಳು. ಜೀವಕೋಶದಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುವುದೇ ಕಾರಣವೆಂದು ಫ್ರಾನ್ಸಿನ ವೈದ್ಯರಾದ ಲೆಜೂನ್, ಗೋತಿಯೇ ಮತ್ತು ಟುರ್ಪಿನ್ 1959ರಲ್ಲಿ ತೋರಿಸಿದರು. ಇದು ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ.

ತಂದೆತಾಯಿಯರೇ, ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ತಡಮಾಡದೆ ಎಕೋ ಪರೀಕ್ಷೆ ಮಾಡಿಸಿರಿ. ಕಿವಿ, ಕಣ್ಣು, ಥೈರಾಯ್ಡ್ ತಪಾಸಣೆ ತಪ್ಪಿಸಬೇಡಿರಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ಮಗುವನ್ನು ತೋರಿಸಿರಿ, ಮನೆಯೊಳಗೆ ಬಚ್ಚಿಡಬೇಡಿರಿ. ನಡೆಯುವುದು, ಮಾತಾಡುವುದು ತಡವಾದೀತು. ತಾಳ್ಮೆಯಿಂದ ಕಲಿಸಿದರೆ ಕಲಿಯುತ್ತಾರೆ.

ನೆರೆಯವರೇ, ಆ ತಾಯಿಯನ್ನು ಕೆದಕಿ ಕೇಳಬೇಡಿರಿ. ಬಲಿಪೂಜೆಯ ವೇಳೆ ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳಿರಿ. ಅವಳ ತೋಳಿಗೂ ವಿಶ್ರಾಂತಿ ಬೇಕು. ಧರ್ಮೋಪದೇಶದ ತರಗತಿಯಲ್ಲಿ, ಪ್ರಥಮ ಪರಮಪ್ರಸಾದದ ಸಾಲಿನಲ್ಲಿ ಆ ಮಗುವಿಗೂ ಜಾಗವಿರಲಿ.

ಪವಿತ್ರ ಕುಟುಂಬವು ನಮ್ಮೆಲ್ಲರ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಆಮೆನ್.