ಅನ್ನ ಕೊಟ್ಟೆವು, ದಾರಿ ಹೇಳಿದೆವೇ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪಿಯು ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹರೂಪ)

 

ನನಗೆ ಕೊಟ್ಟ ವಿಷಯ ‘ಸ್ಪರ್ಧೆಯ ಕಾಲದಲ್ಲಿ ನಮ್ಮ ಮಕ್ಕಳು’ ಎಂದು. ವಿಷಯ ದೊಡ್ಡದು, ನನ್ನ ಅನುಭವ ಸಣ್ಣದು. ನಾನು ಹುಟ್ಟಿದ್ದು ಹಾವೇರಿ ಜಿಲ್ಲೆಯಲ್ಲಿ. ನೌಕರಿಯೆಲ್ಲ ಕಳೆದದ್ದು ಕರಾವಳಿಯಲ್ಲಿ, ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ. ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ರೊಟ್ಟಿ ತಿಂದು ಬೆಳೆದವನು ಕುಚ್ಚಲಕ್ಕಿ ಗಂಜಿಗೆ ಒಗ್ಗಿಕೊಂಡೆ. ಅಲ್ಲಿನ ಕನ್ನಡ ಮಾತ್ರ ಇವತ್ತಿಗೂ ನಾಲಿಗೆಗೆ ಪೂರ್ತಿ ಹೊಂದಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನು ಪಿಯುಸಿಗೆ ಕರಾವಳಿಗೆ ಕಳಿಸಿದ್ದೀರಿ. ವಿಜಯಪುರ, ಬಾಗಲಕೋಟೆ, ಹಾವೇರಿಯ ಮಕ್ಕಳು ಅಲ್ಲಿನ ಖಾಸಗಿ ಕಾಲೇಜುಗಳ ಹಾಸ್ಟೆಲುಗಳಲ್ಲಿ ತುಂಬಿದ್ದಾರೆ. ಕೆಲವರು ಅದಕ್ಕಾಗಿ ಹೊಲ ಒತ್ತೆ ಇಟ್ಟದ್ದೂ ನನಗೆ ಗೊತ್ತು. ಕರಾವಳಿಗೆ ಹೋದರೆ ಮಗ ಗೆದ್ದ ಹಾಗೆ ಎಂಬ ನಂಬಿಕೆ. ಫಲಿತಾಂಶ ನೋಡಿದರೆ ನಂಬಿಕೆ ಹುಸಿಯಲ್ಲ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಜಿಲ್ಲೆ ಶೇ. 93.90 ಪಡೆದು ರಾಜ್ಯಕ್ಕೇ ಮೊದಲು ಬಂತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಆ ಜಿಲ್ಲೆಯ ತಾಲೂಕುಗಳೇ.

ಆದರೆ ಅದೇ ಊರಿನ ಸರ್ಕಾರಿ ಕಾಲೇಜಿನಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಸೀಟನ್ನೂ ಪಡೆದು, ಕೊನೆಗೆ ಕೈಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಒಬ್ಬಳ ಕತೆ ಹೇಳುತ್ತೇನೆ. ಅದರಲ್ಲಿ ತಪ್ಪು ನನ್ನದೂ ಇದೆ.

2019ರ ಜುಲೈ. ಗಂಗೊಳ್ಳಿ ಹತ್ತಿರದ ಹುಡುಗಿ. ತಂದೆ ಬೋಟಿನಲ್ಲಿ ಕೂಲಿ, ತಾಯಿ ಗೋಡಂಬಿ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವರು. ಸಿಇಟಿಯಲ್ಲಿ ಅವಳಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಸೀಟು ಮೊದಲ ಸುತ್ತಿನಲ್ಲೇ ಬಂತು. ಫೋನ್ ಮಾಡಿ ಹೇಳಿದಳು. ನಾನು ಆಗ ಮದುವೆ ಮನೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. “ಬಹಳ ಸಂತೋಷ ಅಮ್ಮ, ನಿಧಾನವಾಗಿ ನೋಡಿಕೊಂಡು ಆಯ್ಕೆ ಮಾಡು” ಎಂದು ಫೋನ್ ಇಟ್ಟೆ.

ಸಿಇಟಿ ಸೀಟು ಹಂಚಿಕೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು. ಸೀಟು ಬಂದ ಮೇಲೆ ಕಂಪ್ಯೂಟರಿನಲ್ಲಿ ನಾಲ್ಕು ಚಾಯ್ಸ್ ಕಾಣುತ್ತವೆ. ಈ ಸೀಟು ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ ಎಂಬುದು ಒಂದನೆಯದು. ಇದು ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಸಿಗುತ್ತದೋ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ ಎಂಬುದು ಎರಡನೆಯದು. ಇದು ಬೇಡ, ಆದರೆ ಮುಂದಿನ ಸುತ್ತಿಗೆ ಇರುತ್ತೇನೆ ಎಂದರೆ ಮೂರು. ನಾಲ್ಕನೆಯದು ಒತ್ತಿದರೆ ನನಗೆ ಇದೂ ಬೇಡ, ಮುಂದಿನದೂ ಬೇಡ, ಹೊರಗೆ ಹೋಗುತ್ತೇನೆ ಎಂದರ್ಥ. ಒತ್ತಿದ ಮೇಲೆ ಮುಗಿಯಿತು.

ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆ 61 ದಿನ ಬೋಟಿನ ಕೂಲಿಯವನ ಮನೆಗೆ ದುಡ್ಡು ಬರುವುದಿಲ್ಲ. ಕಾಲೇಜು ಶುಲ್ಕ ಕಟ್ಟುವ ಗಡುವು ಬರುವುದೂ ಆ ದಿನಗಳಲ್ಲೇ. ಆ ಹುಡುಗಿ ಲೆಕ್ಕ ಹಾಕಿದಳು. ಆಗಸ್ಟಿಗೆ ಬೋಟು ಇಳಿಯುತ್ತದೆ, ಆಗ ಕಟ್ಟೋಣ. ಸೈಬರ್ ಅಂಗಡಿಯಲ್ಲಿ ಕೂತು, ಎಲ್ಲಕ್ಕಿಂತ ತಡವಾದದ್ದು ನಾಲ್ಕನೆಯದೇ ಇರಬೇಕು ಎಂದುಕೊಂಡು ಒತ್ತಿಬಿಟ್ಟಳು. ವಾರ ಬಿಟ್ಟು ಮನೆಗೆ ಬಂದಳು. “ಬೋಟ್ ಹೋಪುಕ್ ಶುರು ಆರ್ ಮೇಲೆ ಕಟ್ಟುವ ಅಂದ್ಕಂಡೆ ಸರ್” ಎಂದಳು. ಅಳಲಿಲ್ಲ. ನನ್ನ ಹೆಂಡತಿ ಚಹಾ ತಂದು ಕೊಟ್ಟಳು, ಅದು ಆರುವ ತನಕ ಮೂವರೂ ಸುಮ್ಮನೆ ಕೂತಿದ್ದೆವು.

ಅವಳು ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿ ಓದಿದಳು, ಬಿಎಡ್ ಮಾಡಿದಳು. ಚೆನ್ನಾಗಿಯೇ ಇದ್ದಾಳೆ. ಅವಳು ಕೆಟ್ಟುಹೋದಳು ಎಂದು ನಾನು ಹೇಳುತ್ತಿಲ್ಲ. ಅವಳು ಬಯಸಿದ್ದು ಬೇರೆ, ದುಡಿದು ಪಡೆದದ್ದು ಬೇರೆ, ಸಿಕ್ಕಿದ್ದು ಬೇರೆ ಆಯಿತು. ಭೌತಶಾಸ್ತ್ರ ಎರಡು ವರ್ಷ ಕಲಿಸಿದ ನಾನು, ಊಟದ ಎಲೆ ಬಿಟ್ಟು ಹತ್ತು ನಿಮಿಷ ಎದ್ದಿದ್ದರೆ ಸಾಕಿತ್ತು. ಶುಲ್ಕವನ್ನು ಯಾರನ್ನಾದರೂ ಕೇಳಿ ಹೊಂದಿಸಬಹುದಿತ್ತು. ಒತ್ತಿದ ಗುಂಡಿಯನ್ನು ಮಾತ್ರ ಹಿಂದೆ ತೆಗೆಯಲು ಆಗಲಿಲ್ಲ.

ಆ ಹುಡುಗಿ ನಮ್ಮ ಸಮಾಜದವಳಲ್ಲ, ಅವಳ ಕತೆ ಈ ಗೋಷ್ಠಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಸಿದ್ಧಗಂಗೆಯ ಪಂಕ್ತಿಯಲ್ಲಿ ಕುಳಿತು ಉಂಡು ಓದಿದವರ ಜಾತಿಯನ್ನು ಶಿವಕುಮಾರ ಸ್ವಾಮೀಜಿ ಕೇಳಲಿಲ್ಲ ಎಂದಷ್ಟೇ ಉತ್ತರ ಕೊಡುತ್ತೇನೆ.

ಈ ವಿಷಯದಲ್ಲಿ ನಮ್ಮ ಹಿರಿಯರು ಮಾಡಿದ್ದನ್ನು ನೆನೆಯಬೇಕು. ಶಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದರು. ಅಂದು ಹಳ್ಳಿಯ ಹುಡುಗನಿಗೆ ಅಡ್ಡವಾಗಿದ್ದದ್ದು ಹಸಿವು ಮತ್ತು ತಲೆಯ ಮೇಲೆ ಸೂರಿಲ್ಲದಿರುವುದು. ಅದನ್ನು ಕಂಡು ಅದಕ್ಕೇ ಕೈಹಾಕಿದರು.

ನಾನೂ ಒಂದು ಪ್ರಸಾದ ನಿಲಯದ ಅನ್ನ ಉಂಡವನು. ಆದರೆ ಒಂದು ಮಾತು ಹೇಳಲೇಬೇಕು. ನನ್ನನ್ನು ಡಿಗ್ರಿಗೆ ಸೇರಿಸಿದ್ದು ಅನ್ನವಷ್ಟೇ ಅಲ್ಲ. ಅಲ್ಲಿ ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣನೊಬ್ಬ ಇದ್ದ. ಅರ್ಜಿಗೆ ಕೊನೆಯ ದಿನ ಯಾವುದು, ಶುಲ್ಕ ವಿನಾಯಿತಿಗೆ ಯಾವ ಕಾಗದ, ಯಾವ ಗುಮಾಸ್ತರ ಹತ್ತಿರ ಹೋಗಬೇಕು, ಎಲ್ಲ ಅವನಿಗೆ ಗೊತ್ತಿತ್ತು. ನನ್ನ ಜೊತೆ ಸಾಲಿನಲ್ಲಿ ನಿಂತ. ನನ್ನಪ್ಪನಿಗೆ ಸಹಿ ಮಾತ್ರ ಬರುತ್ತಿತ್ತು. ಆ ಅಣ್ಣ ಇಲ್ಲದಿದ್ದರೆ ನಾನು ಮೆಣಸಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದೂ ಕಾಯಕವೇ, ಕೀಳಲ್ಲ. ಆದರೆ ನಾನು ಆರಿಸಿಕೊಂಡದ್ದಾಗುತ್ತಿರಲಿಲ್ಲ.

ಈಗ ಸಾಲು ಇಲ್ಲ, ಗುಮಾಸ್ತರೂ ಇಲ್ಲ, ಎಲ್ಲ ಆನ್‌ಲೈನ್. ಸುಲಭವಾಯಿತು ಎನ್ನುತ್ತೇವೆ. ಓದಿದ ಅಪ್ಪ ಅಮ್ಮ ಇರುವ ಮನೆಗೆ ಸುಲಭವಾಯಿತು. ಉಳಿದವರಿಗೆ ಆ ಅಣ್ಣನೇ ಇಲ್ಲವಾದ.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ, ಇದು ಸ್ವಲ್ಪ ಬೇಸರದ ಭಾಗ, ಸಹಿಸಿಕೊಳ್ಳಿ. ಒಂದರಿಂದ ಹತ್ತನೇ ತರಗತಿಯ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15 ಮೀಸಲು ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಹತ್ತರಲ್ಲಿ ಒಂದು ವರ್ಷ ಕಡಿಮೆಯಾದರೂ ಇಲ್ಲ. ಬೈಂದೂರು ಒಳಭಾಗದ ಹಳ್ಳಿಯಲ್ಲಿ ಏಳರ ತನಕ ಓದಿದ ಹುಡುಗನನ್ನು ಎಂಟನೆಯದಕ್ಕೆ ಕುಂದಾಪುರ ಪುರಸಭೆ ವ್ಯಾಪ್ತಿಯ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಅವನ ಒಳ್ಳೆಯದಕ್ಕೇ ಹಾಕುತ್ತಾರೆ. ಎರಡೂ ಮೀಸಲು ಅಲ್ಲಿಗೆ ಹೋದವು ಎಂದು ಅವರಿಗೆ ಐದು ವರ್ಷದ ನಂತರ ತಿಳಿಯುತ್ತದೆ. ಹಾಕಬಾರದೆಂದಲ್ಲ, ತಿಳಿದು ಹಾಕಲಿ. ನಮ್ಮವರು 3ಬಿ, ಶೇಕಡಾ ಎಷ್ಟು ಎಂದು ಜಗುಲಿಯ ಮೇಲೆ ಗಂಟೆಗಟ್ಟಲೆ ವಾದಿಸುತ್ತಾರೆ. ಅದೇ ಮನೆಯ ಹುಡುಗನ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಎಲ್ಲಿದೆ ಎಂದರೆ ಟ್ರಂಕಿನಲ್ಲಿ ಹುಡುಕುತ್ತಾರೆ.

ಇನ್ನೊಂದು ಹೆಸರಿನ ಗೋಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಅಪ್ಪನ ಹೆಸರು ಮುಂದೆ, ಪ್ರಮಾಣಪತ್ರದಲ್ಲಿ ಮೂರನೆಯದೇ ಹೆಸರು. ಇದನ್ನು ಸರಿಪಡಿಸಲು ತಿಂಗಳು ಬೇಕು. ಅರ್ಜಿ ತುಂಬುವ ವಾರದಲ್ಲಿ ಶುರು ಮಾಡಿದರೆ ಆಗುವುದಿಲ್ಲ. ಪ್ರಥಮ ಪಿಯುಸಿಯಲ್ಲೇ ನೋಡಬೇಕು.

ಅರ್ಜಿಯ ಮಾತು ಇಷ್ಟು. ಮುಂದೆ ಏನಾಗಬೇಕು ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ನಮ್ಮ ಮನೆಗಳಲ್ಲಿ ಡಾಕ್ಟರ್, ಎಂಜಿನಿಯರ್ ಬಿಟ್ಟರೆ ಮೂರನೆಯ ಹೆಸರು ಬರುವುದಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಮೀನುಗಾರರ ಮನೆಯ ಮಕ್ಕಳೇ ಎಷ್ಟೋ ಜನ ಅದರ ಹೆಸರು ಕೇಳಿರಲಿಲ್ಲ. ಅಲ್ಲಿಗೂ ಸಿಇಟಿಯ ಮೂಲಕವೇ ಹೋಗಬೇಕು. ವಾಣಿಜ್ಯ ಓದುವವರಿಗೆ ಸಿಎ ಇದೆ. ಪಿಯುಸಿ ಮುಗಿಸಿ ಫೌಂಡೇಶನ್ ಪರೀಕ್ಷೆ ಬರೆಯಬಹುದು, ಮುಂದೆ ಆರ್ಟಿಕಲ್‌ಶಿಪ್ ಮಾಡುವಾಗ ಸ್ಟೈಪೆಂಡೂ ಬರುತ್ತದೆ. ಬಡವರ ಮನೆಗೆ ಹೊಂದುವ ಓದು ಅದು. ಕಷ್ಟ ಮಾತ್ರ ಹೌದು, ಸುಳ್ಳು ಹೇಳುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಎಂಬ ಪರೀಕ್ಷೆ ಬಂದಿದೆ. ನಮ್ಮ ಕಲಬುರಗಿಯ ಕಡಗಂಚಿಯಲ್ಲೇ ಅಂಥ ವಿಶ್ವವಿದ್ಯಾಲಯ ಇದೆ. ನೀಟ್, ಜೆಇಇ ಮೇನ್, ಸಿಯುಇಟಿ ಮೂರನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂದು ಎಷ್ಟು ಕನ್ನಡ ಮಾಧ್ಯಮದ ಮಕ್ಕಳಿಗೆ ನಾವು ಹೇಳಿದ್ದೇವೆ?

ಕೇಳುವುದನ್ನೂ ಕಲಿಯಬೇಕು. ಬ್ರಹ್ಮಾವರದಲ್ಲಿ ಒಬ್ಬ ತಂದೆ ಮಗನನ್ನು ನನ್ನ ಮುಂದೆ ನಿಲ್ಲಿಸಿ, “ಇವನಿಗೆ ಏನು ಓದಿಸಲಿ ಸರ್” ಎಂದರು. ಹುಡುಗ ಪಕ್ಕದಲ್ಲೇ ಇದ್ದ. ಅವನನ್ನೇ ಕೇಳಿದೆ. ಮಣ್ಣು, ಬೆಳೆ ಎಂದರೆ ಇಷ್ಟ ಎಂದ. ಆ ಊರಲ್ಲೇ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಇದೆ, ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುತ್ತಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ತಂದೆಗೆ ಅವತ್ತು ನನ್ನ ಮೇಲೆ ಸಿಟ್ಟೇ ಬಂತು.

ಉಡುಪಿಯಲ್ಲಿ ಯಕ್ಷಗಾನ ಕಲಾರಂಗ ಎಂಬ ಸಂಸ್ಥೆ ಇದೆ. 1975ರಲ್ಲಿ ಶುರುವಾದದ್ದು, ಹೆಸರೇ ಹೇಳುವಂತೆ ಯಕ್ಷಗಾನಕ್ಕೆ. ಅವರು ವಿದ್ಯಾಪೋಷಕ್ ಎಂಬ ಹೆಸರಿನಲ್ಲಿ ಬಡ ಮಕ್ಕಳ ಓದಿಗೆ ನಿಂತಿದ್ದಾರೆ. ಧನಸಹಾಯ ಕೊಡುವವರು ಬಹಳ ಜನ ಇದ್ದಾರೆ. ಇವರು ಮಗುವಿನ ಮನೆಗೇ ಹೋಗಿ ನೋಡುತ್ತಾರೆ. ಮನೆ ಸೋರುತ್ತಿದ್ದರೆ ದಾನಿಗಳನ್ನು ಹುಡುಕಿ ಮನೆಯನ್ನೂ ಕಟ್ಟಿಸಿಕೊಡುತ್ತಾರೆ. ವೇಷ ಕಟ್ಟಿಸುವವರು ಮನೆ ಕಟ್ಟಿಸುತ್ತಿದ್ದಾರೆ, ಮಠಗಳಿರುವ ನಾವು ಏನು ಮಾಡುತ್ತಿದ್ದೇವೆ ಎಂದು ನನಗೆ ಅಲ್ಲಿ ಇದ್ದಾಗಲೆಲ್ಲ ಅನ್ನಿಸುತ್ತಿತ್ತು. ಸ್ವಾಮೀಜಿಯವರ ಮುಂದೆ ಹೀಗೆ ಹೇಳುವುದಕ್ಕೆ ಕ್ಷಮೆ ಇರಲಿ.

ದೊಡ್ಡ ಕಟ್ಟಡ ಕೇಳಲು ನಾನು ಬಂದಿಲ್ಲ. ಕೋಚಿಂಗ್ ಸೆಂಟರ್ ಕೂಡ ಬೇಡ, ಅವು ಸಾಕಷ್ಟಿವೆ. ಪ್ರಸಾದ ನಿಲಯದಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ವಾರಕ್ಕೆ ಅರ್ಧ ದಿನ ಕೂರುವ ಇಬ್ಬರು. ನಿಲಯದಲ್ಲಿ ಓದಿ ಹೋದವರು ನೂರಾರು ಜನ ಎಂಜಿನಿಯರು, ಶಿಕ್ಷಕರು, ತಹಶೀಲ್ದಾರರು ಇದ್ದಾರೆ. ಅವರನ್ನು ಜಾತ್ರೆಗೆ ಕರೆದು ಶಾಲು ಹೊದೆಸುತ್ತೇವೆ. ಒಂದು ಭಾನುವಾರ ಕರೆದು ಈ ಕುರ್ಚಿಯ ಮೇಲೆ ಕೂರಿಸೋಣ. ಜೊತೆಗೆ ಒಂದು ಚಿಕ್ಕ ನಿಧಿ. ದಾನವಲ್ಲ, ಕೈಗಡ. ಜುಲೈಯಲ್ಲಿ ಶುಲ್ಕದ ಗಡುವು ಬಂದಾಗ ಕೊಟ್ಟು, ಅವರ ಕೈಗೆ ದುಡ್ಡು ಬಂದಾಗ ವಾಪಸು ಪಡೆಯುವಂಥದ್ದು. ನಮ್ಮ ಕಡೆ ಬೋಟಿಲ್ಲ. ಆದರೆ ಮುಂಗಾರಿನ ಬೀಜ ಗೊಬ್ಬರಕ್ಕೆ ಕೈ ಖಾಲಿ ಮಾಡಿಕೊಂಡ ರೈತನ ಮನೆಯ ಜುಲೈ ಬೇರೆಯಲ್ಲ. ಇದಕ್ಕೆ ನನ್ನ ಮೊದಲ ತಿಂಗಳ ಪಿಂಚಣಿಯನ್ನು ಶ್ರೀಮಠದ ಕಚೇರಿಯಲ್ಲಿ ಈಗಾಗಲೇ ಕೊಟ್ಟಿದ್ದೇನೆ.

ಪ್ರಸಾದದ ಹೊತ್ತಾಯಿತು, ಅಡುಗೆಮನೆಯಿಂದ ಕಣ್ಸನ್ನೆ ಬರುತ್ತಿದೆ. ಪ್ರಸಾದವಾದ ಮೇಲೆ ನಾನು ಗ್ರಂಥಾಲಯದ ಕೋಣೆಯಲ್ಲಿ ಇರುತ್ತೇನೆ. ಪಿಯುಸಿ ಮಕ್ಕಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ತಂದು ತೋರಿಸಿ. ಇವತ್ತು ಹೆಸರು ಹೊಂದುತ್ತದೋ ಇಲ್ಲವೋ ಅಷ್ಟನ್ನೇ ನೋಡೋಣ.