ಹಬ್ಬಕ್ಕೆ ಊರಿಗೆ ಬಾರದವರ ಹಾಡು



ಡಿಸೆಂಬರ್ ಬಂತೆಂದರೆ ಬೇಕರಿ, ಬಟ್ಟೆ ಅಂಗಡಿ, ಮಾಲ್, ಎಲ್ಲಿ ಹೋದರೂ ‘ಜಿಂಗಲ್ ಬೆಲ್ಸ್’. ಕೇಳಿ ಕೇಳಿ, ಕ್ರಿಸ್‌ಮಸ್ ಹಾಡೆಂದರೆ ಇಷ್ಟೇ ಅಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಆದರೆ ಅಮೆರಿಕದ ಕಪ್ಪು ಜನರ ಬ್ಲೂಸ್, ಸೋಲ್ ಸಂಗೀತದಲ್ಲಿ, ಬ್ಲೂಸ್‌ನಿಂದ ಹುಟ್ಟಿದ ರಾಕ್‌ನಲ್ಲಿ, ಬೇರೆಯದೇ ಒಂದು ಕ್ರಿಸ್‌ಮಸ್ ಇದೆ. ಅಲ್ಲಿ ಸಂಭ್ರಮಕ್ಕಿಂತ ಹೆಚ್ಚಾಗಿ ಕೇಳಿಸುವುದು ಹಬ್ಬದ ದಿನ ಮನೆಯಲ್ಲಿ ಇಲ್ಲದವರ ದನಿ. ಗೌರಿ ಹಬ್ಬಕ್ಕೆ ತವರಿನ ಕರೆ ಬಾರದೆ ದಾರಿ ನೋಡುವ ಹೆಣ್ಣುಮಗಳು ನಮ್ಮ ಗರತಿಯ ಹಾಡುಗಳಲ್ಲಿದ್ದಾಳಲ್ಲ, ಆ ಜಾತಿಯ ಹಾಡುಗಳು ಇವು.

ಇದಕ್ಕೆ ಕಾರಣವೂ ಇದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣದ ಹತ್ತಿ ಹೊಲಗಳನ್ನು, ಅಲ್ಲಿನ ವರ್ಣಭೇದದ ಕಾಟವನ್ನು ಬಿಟ್ಟು ಲಕ್ಷಾಂತರ ಕಪ್ಪು ಜನ ಶಿಕಾಗೊ, ಡೆಟ್ರಾಯಿಟ್, ಲಾಸ್ ಏಂಜಲೀಸ್‌ಗಳಿಗೆ ಗುಳೆ ಹೋದರು. ಹೆತ್ತವರು ಅಲ್ಲಿ, ಮಕ್ಕಳು ಇಲ್ಲಿ. ಮನೆಗೆ ಬಾರದಿರಲು ಗುಳೆಯೊಂದೇ ಕಾರಣವಲ್ಲ: ಲಿರಾಯ್ ಕಾರ್ ಎಂಬ ಗಾಯಕ 1929ರಲ್ಲೇ ಜೈಲಿನಲ್ಲಿ ಕಳೆಯುವ ಕ್ರಿಸ್‌ಮಸ್ ಕುರಿತು ಹಾಡಿದ್ದರು. ಹಬ್ಬದ ಹಾಡಿಗೆ ವಸ್ತು ಎಂಥದ್ದು ನೋಡಿ!

ನನ್ನ ಮಟ್ಟಿಗೆ ಈ ಸಾಲಿನಲ್ಲಿ ಮೊದಲ ಮಣೆ ಚಾರ್ಲ್ಸ್ ಬ್ರೌನ್ ಅವರಿಗೆ. 1922ರಲ್ಲಿ ಟೆಕ್ಸಸ್ ಸಿಟಿಯಲ್ಲಿ ಹುಟ್ಟಿದವರು. ಓದಿದ್ದು ರಸಾಯನಶಾಸ್ತ್ರ, ಕೆಲಕಾಲ ಹೈಸ್ಕೂಲಿನಲ್ಲಿ ಪಾಠವನ್ನೂ ಹೇಳಿದರು. ಆಮೇಲೆ ಅದನ್ನೆಲ್ಲ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಗಿ ಪಿಯಾನೊ ಮುಂದೆ ಕೂತರು. ಗಿಟಾರ್ ವಾದಕ ಜಾನಿ ಮೂರ್ ಅವರ ‘ತ್ರೀ ಬ್ಲೇಜರ್ಸ್’ ತಂಡದೊಂದಿಗೆ 1947ರಲ್ಲಿ ಅವರು ಹಾಡಿದ್ದು ‘ಮೆರ್ರಿ ಕ್ರಿಸ್‌ಮಸ್ ಬೇಬಿ’. ಒಂದು ಪಿಯಾನೊ, ಒಂದು ಗಿಟಾರ್, ಒಂದು ಬೇಸ್, ತಂಡ ಅಷ್ಟೇ. ಬ್ರೌನ್ ಎಲ್ಲೂ ದನಿ ಎತ್ತುವುದಿಲ್ಲ. ಮೈಕಿನ ಹತ್ತಿರ ಬಂದು, ಪದಗಳನ್ನು ಸ್ವಲ್ಪ ತಡವಾಗಿ, ಸೋಮಾರಿತನ ಅನ್ನಿಸುವಷ್ಟು ನಿಧಾನವಾಗಿ ಬಿಡುತ್ತಾರೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗದಲ್ಲಿ ಜಾನಿ ಮೂರ್ ಗಿಟಾರ್ ನಾಲ್ಕೇ ನಾಲ್ಕು ಸ್ವರದಲ್ಲಿ ಹೂಂಗುಟ್ಟುತ್ತದೆ. ಮಾತಿನಲ್ಲಿ ನೋಡಿದರೆ ಅದು ಸುಖದ ಹಾಡು: ನಲ್ಲೆ ಉಡುಗೊರೆ ಕೊಟ್ಟಿದ್ದಾಳೆ, ನಲ್ಲ ಖುಷಿಯಾಗಿದ್ದಾನೆ. ಆದರೆ ಆ ಕಂಠ ಕೇಳಿದರೆ, ಈ ಸುಖ ನಾಳೆಗೂ ಉಳಿದೀತೆಂದು ಅವನಿಗೇ ನಂಬಿಕೆ ಇದ್ದಂತಿಲ್ಲ. ಬ್ಲೂಸ್ ಕೆಲಸ ಮಾಡುವುದೇ ಹೀಗೆ, ಮಾತು ಒಂದು ಕಡೆ, ರಾಗ ಇನ್ನೊಂದು ಕಡೆ. ಎಳೆಯ ವಯಸ್ಸಿನ ರೇ ಚಾರ್ಲ್ಸ್ ಇದೇ ಬ್ರೌನ್ ಶೈಲಿಯನ್ನು ಅನುಕರಿಸಿ ಹಾಡುತ್ತಿದ್ದರು ಅನ್ನುವುದು ಪ್ರಸಿದ್ಧ ಸಂಗತಿ.

ಈ ಹಾಡು ತಾನೇ ಕಟ್ಟಿದ್ದು ಎಂದು ಬ್ರೌನ್ ಹೇಳುತ್ತಿದ್ದರು. ರೆಕಾರ್ಡಿನ ಮೇಲೆ ಬಂದದ್ದು ಬೇರೆಯವರ ಹೆಸರು. ಹೆಸರು ಯಾರದೋ ಅವರದೇ ದುಡ್ಡು. ಆ ಕಾಲದ ಕಪ್ಪು ಕಲಾವಿದರ ಪಾಲಿಗೆ ಇದೇನೂ ಹೊಸತಲ್ಲ. 1960ರಲ್ಲಿ ಬ್ರೌನ್ ‘ಪ್ಲೀಸ್ ಕಮ್ ಹೋಮ್ ಫಾರ್ ಕ್ರಿಸ್‌ಮಸ್’ ಹಾಡಿದರು. ಗಂಟೆಯ ನಾದದಿಂದ ಶುರುವಾಗುವ ಆ ಹಾಡನ್ನು 1978ರಲ್ಲಿ ಈಗಲ್ಸ್ ತಂಡ ಹಾಡಿದ ಮೇಲೆ ರಾಕ್ ಕೇಳುಗರೆಲ್ಲ ಅದು ಈಗಲ್ಸ್‌ದೇ ಅಂದುಕೊಂಡರು. ಈಗಲ್ಸ್ ಹಾಡಿದ್ದು ಕೆಟ್ಟದಾಗಿಯೇನೂ ಇಲ್ಲ, ಅಚ್ಚುಕಟ್ಟಾಗಿದೆ. ಅಚ್ಚುಕಟ್ಟು ಒಂದು ಗುಲಗಂಜಿ ಜಾಸ್ತಿಯೇ ಆಯಿತು, ಅಷ್ಟೆ.

ಇನ್ನು ‘ವೈಟ್ ಕ್ರಿಸ್‌ಮಸ್’. ಇರ್ವಿಂಗ್ ಬರ್ಲಿನ್ ಬರೆದು, 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿ ಮನೆಮಾತಾದದ್ದು. ಬರ್ಲಿನ್ ಯಹೂದಿ, ಅವರ ಹಸುಗೂಸು 1928ರ ಕ್ರಿಸ್‌ಮಸ್ ದಿನವೇ ತೀರಿಕೊಂಡಿತ್ತು. ಹಾಡಿನ ಆರಂಭಕ್ಕೆ ಅವರು ಬರೆದಿದ್ದ, ಈಗ ಬಹುತೇಕ ಯಾರೂ ಹಾಡದ ಸಾಲುಗಳಲ್ಲಿ ಇರುವುದು ಹಿಮವಲ್ಲ, ಕ್ಯಾಲಿಫೋರ್ನಿಯಾದ ಬಿಸಿಲು! ಅಂದರೆ ಇದೂ ದೂರದಲ್ಲಿ ಕೂತು ಹಂಬಲಿಸಿದ ಹಾಡೇ. 1954ರಲ್ಲಿ ಡ್ರಿಫ್ಟರ್ಸ್ ತಂಡ ಇದನ್ನು ಹಾಡಿದಾಗ ಬಿಲ್ ಪಿಂಕ್ನಿ ಅವರ ಗಡಸು ಮಂದ್ರ ಮೊದಲು ಬರುತ್ತದೆ. ಆಮೇಲೆ ಕ್ಲೈಡ್ ಮ್ಯಾಕ್‌ಫ್ಯಾಟರ್ ಅವರ ತಾರಕ ಥಟ್ಟನೆ ಮೇಲಕ್ಕೆ ಚಿಮ್ಮುತ್ತದೆ. ‘ಹೋಮ್ ಅಲೋನ್’ ಸಿನಿಮಾದಲ್ಲಿ ಆ ಪೋರ ಕನ್ನಡಿ ಮುಂದೆ ತುಟಿ ಆಡಿಸುತ್ತಾನಲ್ಲ, ಅದು ಇದೇ ರೆಕಾರ್ಡು.

ಇದೇ ಹಾಡನ್ನು ಓಟಿಸ್ ರೆಡ್ಡಿಂಗ್ ಬೇಡಿಕೆಯಾಗಿ ಮಾರ್ಪಡಿಸಿದರು. ಜಾರ್ಜಿಯಾದವರು ಅವರು, ಹಿಮ ಅಪರೂಪವಾದ ಸೀಮೆ. ಪದಗಳನ್ನು ಒಡೆದು, ಮತ್ತೆ ಮತ್ತೆ ಹೇಳಿ, ಗಂಟಲು ಕಟ್ಟಿದ ಹಾಗೆ ನಿಲ್ಲಿಸಿ, ಮುಂದುವರಿಸುತ್ತಾರೆ. 1967ರ ಡಿಸೆಂಬರ್ 10ರಂದು ಅವರ ಪುಟ್ಟ ವಿಮಾನ ವಿಸ್ಕಾನ್ಸಿನ್‌ನ ಕೊರೆಯುವ ಮೊನೋನಾ ಸರೋವರಕ್ಕೆ ಬಿತ್ತು. ವಯಸ್ಸು ಬರೇ 26. ಈ ಹಾಡೂ, ಅವರು ಹಾಡಿದ ‘ಮೆರ್ರಿ ಕ್ರಿಸ್‌ಮಸ್ ಬೇಬಿ’ಯೂ ಜನಕ್ಕೆ ಸಿಕ್ಕಿದ್ದು 1968ರಲ್ಲಿ, ಅವರು ಹೋದ ಮೇಲೆ.

ಕುಣಿಸುವ ಹಾಡುಗಳೂ ಇವೆ, ಇಲ್ಲವೆಂದಲ್ಲ. ಚಕ್ ಬೆರ್ರಿ 1958ರಲ್ಲಿ ಹಾಡಿದ ‘ರನ್ ರುಡಾಲ್ಫ್ ರನ್’ನಲ್ಲಿ ‘ಜಾನಿ ಬಿ. ಗುಡ್’ನದೇ ಗಿಟಾರ್ ವರಸೆ. ಕ್ಲಾರೆನ್ಸ್ ಕಾರ್ಟರ್ ಅವರ ‘ಬ್ಯಾಕ್ ಡೋರ್ ಸಾಂಟಾ’ದ ಸಾಂಟಾ ಹಿತ್ತಿಲ ಬಾಗಿಲಿಂದ ಏಕೆ ಬರುತ್ತಾನೆಂದು ರೇಡಿಯೋದಲ್ಲಿ ವಿವರಿಸುವ ಧೈರ್ಯ ನನಗಿಲ್ಲ. ಆದರೆ ಅದರ ಕಹಳೆಗಳ ಠೇಂಕಾರವನ್ನು 1987ರಲ್ಲಿ ರನ್-ಡಿಎಂಸಿ ಎತ್ತಿಕೊಂಡು ತಮ್ಮ ರ‍್ಯಾಪ್ ಹಾಡು ಕಟ್ಟಿದರು.

ರಾಕ್ ಅಂದಮೇಲೆ ಡಾರ್ಲೀನ್ ಲವ್ ಅವರನ್ನು ಬಿಡಲಾಗದು. ಅವರ ‘ಕ್ರಿಸ್‌ಮಸ್, ಬೇಬಿ ಪ್ಲೀಸ್ ಕಮ್ ಹೋಮ್’ ಇದ್ದ ಆಲ್ಬಮ್ ಬಿಡುಗಡೆಯಾದದ್ದು 1963ರ ನವೆಂಬರ್ 22ರಂದು, ಅಧ್ಯಕ್ಷ ಕೆನಡಿ ಗುಂಡಿಗೆ ಬಲಿಯಾದ ದಿನ. ದೇಶವೇ ಸೂತಕದಲ್ಲಿದ್ದಾಗ ಹಬ್ಬದ ಹಾಡು ಯಾರಿಗೆ ಬೇಕು? ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದಕ್ಕೂ ಮುಂಚೆಯೇ ಲವ್ ಅವರ ಕಂಠವನ್ನು ಬೇರೊಂದು ತಂಡದ ಹೆಸರಲ್ಲಿ ಮಾರಿದ್ದ. ಈ ಹಾಡಿನಲ್ಲಿ ಡ್ರಮ್ಮು, ಪಿಯಾನೊ, ಗಂಟೆ, ಹಿಮ್ಮೇಳ ಎಲ್ಲವೂ ಒಟ್ಟಿಗೆ ಗೋಡೆಯಾಗಿ ಎದ್ದು ನಿಂತಿವೆ, ಲವ್ ಅವರ ಕಂಠ ಆ ಗೋಡೆಯನ್ನೂ ದಾಟಿ ಕರೆಯುತ್ತದೆ. 1980ರ ದಶಕದ ಆರಂಭದಲ್ಲಿ ಅವಕಾಶಗಳಿಲ್ಲದೆ ಅವರು ಮನೆಗೆಲಸಕ್ಕೆ ಇಳಿದಿದ್ದರು. ಯಾರದೋ ಬಚ್ಚಲುಮನೆ ತೊಳೆಯುತ್ತಿದ್ದಾಗ ರೇಡಿಯೋದಲ್ಲಿ ತನ್ನದೇ ಈ ಹಾಡು ಬಂತು, ಮತ್ತೆ ಹಾಡಬೇಕೆಂದು ನಿಶ್ಚಯಿಸಿದ್ದು ಆಗಲೇ ಎಂದು ಅವರೇ ಹೇಳಿಕೊಂಡಿದ್ದಾರೆ. 1986ರಿಂದ 2014ರವರೆಗೆ ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮದಲ್ಲಿ ಕ್ರಿಸ್‌ಮಸ್ ಅಂದರೆ ಇವರ ಹಾಡು ಎಂಬಂತಾಗಿತ್ತು. 2011ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಕೂಡ ಅವರನ್ನು ಬರಮಾಡಿಕೊಂಡಿತು.

ಚಾರ್ಲ್ಸ್ ಬ್ರೌನ್ ಅವರಿಗೂ ಇಳಿವಯಸ್ಸಿನಲ್ಲಿ ಮನ್ನಣೆ ಬಂತು. 1992ರಲ್ಲಿ, ಎಪ್ಪತ್ತರ ಹರೆಯದಲ್ಲಿ, ಗಾಯಕಿ ಬಾನಿ ರೇಟ್ ಜೊತೆಗೂಡಿ ‘ಮೆರ್ರಿ ಕ್ರಿಸ್‌ಮಸ್ ಬೇಬಿ’ಯನ್ನು ಮತ್ತೆ ಹಾಡಿದರು. ಈ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಬಿಡುವು ಮಾಡಿಕೊಂಡು ಮೊದಲು ಅವರ 1947ರ ಹಾಡನ್ನು ಕೇಳಿ, ಕೂಡಲೇ ಅದನ್ನೇ ಓಟಿಸ್ ಹಾಡಿದ್ದನ್ನು ಕೇಳಿ, ಕೊನೆಗೆ 1992ರದ್ದನ್ನು. ಮೂರೂ ಸುಲಭವಾಗಿ ಸಿಗುತ್ತವೆ, ಮೂರೂ ಸೇರಿ ಹದಿನೈದು ನಿಮಿಷವೂ ಆಗುವುದಿಲ್ಲ.